ನೈಟ್ ಡ್ಯೂಟಿ ಮುಗಿಸಿ – 9: ಆ ಅರ್ಜಿಯ ಕೆಳಗೆ ಯಾರ ಸಹಿ?

ಈ ಸಲ ನಮ್ಮ ವಾರ್ಡಿನ ಅಜ್ಜಂದಿರ ಕಥೆ ಬರೆಯೋಣ ಅಂತಿದ್ದೆ. ಭಾನುವಾರ ಚಿಕ್ಕಪ್ಪನ ಫೋನ್ ಬಂದ ಮೇಲೆ ಅದನ್ನ ಮುಂದಿನ ಕಂತಿಗೆ ಎತ್ತಿಟ್ಟಿದ್ದೀನಿ. ಇದು ಸ್ವಲ್ಪ ಜಗಳದ ಪೋಸ್ಟ್. ಬೇಜಾರು ಮಾಡ್ಕೊಳ್ಳೋರು ಪೂರ್ತಿ ಓದಿ ಆಮೇಲೆ ಬೇಜಾರು ಮಾಡ್ಕೊಳ್ಳಿ.

ವಿಷಯ ಏನಪ್ಪಾ ಅಂದ್ರೆ, ಚಿಕ್ಕಪ್ಪನ ಮಗಳು ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಐಸಿಯುನಲ್ಲಿ ಮೂರು ವರ್ಷದಿಂದ ಕೆಲಸ ಮಾಡ್ತಿದ್ದಾಳೆ. ಈಗ ಆಸ್ಟ್ರೇಲಿಯಾಕ್ಕೆ ಬರೋ ಆಸೆ. ಅಲ್ಲಿನ ಒಂದು ಕನ್ಸಲ್ಟೆನ್ಸಿಯವರು 6 ಲಕ್ಷಕ್ಕೆ 'ಫುಲ್ ಪ್ಯಾಕೇಜ್' ಅಂದಿದ್ದಾರೆ. ರಿಜಿಸ್ಟ್ರೇಷನ್, ಕೆಲಸ, ವೀಸಾ, ಪಿಆರ್ ಎಲ್ಲಾ ಅವರದ್ದೇ ಜವಾಬ್ದಾರಿಯಂತೆ. ಶುಕ್ರವಾರ 2 ಲಕ್ಷ ಕಟ್ಟಬೇಕು. ಅಡಿಕೆ ಮಂಡಿಯಿಂದ ದುಡ್ಡು ತಂದಾಗಿದೆ. ನಾನು "ಕಟ್ಟಬೇಡಿ" ಅಂದೆ. ಚಿಕ್ಕಪ್ಪ ಒಂದು ಕ್ಷಣ ಸುಮ್ಮನಿದ್ದು, "ನೀನು ದಡ ಸೇರಿದೆ, ಈಗ ಬೇರೆಯವರಿಗೆ ದೋಣಿ ಬೇಡ ಅಂತೀಯ" ಅಂತ ಹೇಳಿ ಫೋನ್ ಇಟ್ಟರು.

ಆ ಮಾತು ಎರಡು ರಾತ್ರಿ ಡ್ಯೂಟಿ ಪೂರ್ತಿ ಕಿವಿಲೇ ಇತ್ತು. ಫೋನಲ್ಲಿ ಹೇಳೋಕಾಗದ್ದನ್ನ ಇಲ್ಲಿ ಬರೀತೀನಿ. ಚಿಕ್ಕಪ್ಪ ಓದ್ತಾರೆ ಅಂತ ಗೊತ್ತು. ಲೈಕ್ ಒತ್ತಲ್ಲ, ಆದರೆ ಓದ್ತಾರೆ.

ನಾನು ಹೇಳೋದು ಒಂದೇ. ವೀಸಾ ಹೆಸರಲ್ಲಿ ನಿಮ್ಮ ಹತ್ರ ದುಡ್ಡು ತಗೊಳ್ಳೋ ಮನುಷ್ಯನಿಗೆ ಆಸ್ಟ್ರೇಲಿಯಾದ ಕಾನೂನಿನ ಕೆಳಗೆ ಒಂದು ನೋಂದಣಿ ಇರಬೇಕು, ಮತ್ತು ನಿಮ್ಮ ಅರ್ಜಿಯಲ್ಲಿ ಆ ಮನುಷ್ಯನ ಹೆಸರು ಇರಬೇಕು. ಅವೆರಡೂ ಇಲ್ಲದಿದ್ರೆ ಅವನು ಗಾಜಿನ ಕಟ್ಟಡದ ಕಂಪನಿಯವನೋ, ಒಬ್ಬನೇ ಕೂತ ವಕೀಲನೋ, ನಮ್ಮ ತಾಲೂಕಿನವನೋ, ಯಾವುದೂ ಲೆಕ್ಕಕ್ಕಿಲ್ಲ.

ನಾನು ಇಲ್ಲಿ ರೋಗಿಗೆ ಎರಡು ಪ್ಯಾರಾಸಿಟಮಾಲ್ ಕೊಟ್ಟರೂ ಚಾರ್ಟಿನಲ್ಲಿ ನನ್ನ ಸಹಿ ಬೀಳುತ್ತೆ. ಮಾರ್ಫಿನ್ ಆದ್ರೆ ಇಬ್ಬರ ಸಹಿ, ರಿಜಿಸ್ಟರ್‌ನಲ್ಲಿ ಆಂಪೂಲಿನ ಲೆಕ್ಕ. ನನ್ನ ಹೆಸರನ್ನ ಆಪ್ರಾದ ವೆಬ್‌ಸೈಟ್‌ನಲ್ಲಿ ಯಾರು ಬೇಕಾದ್ರೂ ಹುಡುಕಬಹುದು. ನನ್ನ ಮೇಲೆ ಏನಾದ್ರೂ ಷರತ್ತು ಹಾಕಿದ್ರೆ ಅದೂ ಕಾಣುತ್ತೆ. ಒಬ್ಬರ ತೋಳಿಗೆ ಸೂಜಿ ಚುಚ್ಚೋಕೆ ಇಷ್ಟೆಲ್ಲ ಬೇಕಾದ್ರೆ, ಒಬ್ಬಳ ಇಡೀ ಬದುಕು ಸಮುದ್ರ ದಾಟಿಸ್ತೀನಿ ಅನ್ನೋನಿಗೆ ಒಂದು ವಿಸಿಟಿಂಗ್ ಕಾರ್ಡ್ ಸಾಕಾ?

ಆ 6 ಲಕ್ಷದ ಪ್ಯಾಕೇಜ್ ಬಿಚ್ಚಿ ನೋಡೋಣ. ನರ್ಸ್ ಆಗಿ ರಿಜಿಸ್ಟರ್ ಆಗೋ ದಾರಿ 2020ರ ಮಾರ್ಚ್‌ನಲ್ಲಿ ಬದಲಾಯ್ತು. ಮೊದಲು ಬ್ರಿಡ್ಜಿಂಗ್ ಕೋರ್ಸ್ ಅಂತ ಇಲ್ಲಿ ಬಂದು ತಿಂಗಳುಗಟ್ಟಲೆ ಓದಬೇಕಿತ್ತು. ಈಗ ನಮ್ಮ ಬಿಎಸ್ಸಿಯವರಿಗೆ ಸಾಮಾನ್ಯವಾಗಿ ಎರಡು ಪರೀಕ್ಷೆ: ಎನ್‌ಕ್ಲೆಕ್ಸ್, ಆಮೇಲೆ ಆಸ್ಕಿ. ಮೊದಲ ಹೆಜ್ಜೆಯಾದ ಸೆಲ್ಫ್ ಚೆಕ್ ಆಪ್ರಾದ ವೆಬ್‌ಸೈಟ್‌ನಲ್ಲಿ ಪುಕ್ಕಟೆ. ಎನ್‌ಕ್ಲೆಕ್ಸ್ ಬೆಂಗಳೂರಿನಲ್ಲೇ ಬರೀಬಹುದು. ನಾನು ಆಸ್ಕಿಗೆ ಅಡಿಲೇಡ್‌ಗೆ ಬಂದೆ, ಫೀಸು 4,000 ಡಾಲರ್, ಅಂದ್ರೆ ಎರಡು ಲಕ್ಷಕ್ಕೂ ಮೇಲೆ. ಇಂಗ್ಲಿಷ್ ಪರೀಕ್ಷೆಗೆ ಕೂರೋಳು ಅವಳು. ಟ್ರಾನ್ಸ್‌ಕ್ರಿಪ್ಟ್‌ಗೆ ಜಯನಗರ 4ನೇ ಟಿ ಬ್ಲಾಕಿನ ರಾಜೀವ್ ಗಾಂಧಿ ಯೂನಿವರ್ಸಿಟಿಗೆ ಅಲೆಯೋಳು ಅವಳು. ನರ್ಸಿಂಗ್ ಕೌನ್ಸಿಲ್ಲಿನ ಪತ್ರಕ್ಕೆ ಸಾಲಲ್ಲಿ ನಿಲ್ಲೋಳೂ ಅವಳೇ. "ಪರೀಕ್ಷೆ ಫೀಸು ಪ್ಯಾಕೇಜಲ್ಲಿ ಸೇರಿದೆಯಾ?" ಅಂತ ಕೇಳು ಅಂದೆ. ಕೇಳಿದ್ಲು. "ಅದು ಎಕ್ಸ್‌ಟ್ರಾ ಮೇಡಂ" ಅಂದ್ರಂತೆ. ಹಾಗಾದ್ರೆ 6 ಲಕ್ಷ ಯಾವುದಕ್ಕೆ ಮಾರಾಯ್ರೆ?

ಇನ್ನೊಂದು, 'ಫಾಸ್ಟ್ ಟ್ರ್ಯಾಕ್' ಅಂತ ಬ್ರೋಶರ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದಾರಂತೆ. 2025ರಲ್ಲಿ ಬಂದ ಆ ದಾರಿ ಬ್ರಿಟನ್, ಐರ್ಲೆಂಡ್, ಅಮೆರಿಕ, ಸಿಂಗಾಪುರದಂಥ ಕಡೆ ರಿಜಿಸ್ಟರ್ ಆಗಿ 1,800 ಗಂಟೆ ಕೆಲಸ ಮಾಡಿದವರಿಗೆ. ಬೆಂಗಳೂರಿಂದ ನೇರ ಬರೋರಿಗೆ ಅದು ಇಲ್ಲ.

'ಕೆಲಸ ಕೊಡಿಸ್ತೀವಿ, ಸ್ಪಾನ್ಸರ್ ಮಾಡಿಸ್ತೀವಿ' ಅನ್ನೋ ಭಾಗ ಎಲ್ಲಕ್ಕಿಂತ ಅಪಾಯ. ಸ್ಪಾನ್ಸರ್‌ಶಿಪ್‌ಗಾಗಿ ದುಡ್ಡು ಕೇಳೋದು, ಕೊಡೋದು ಎರಡೂ ಇಲ್ಲಿ 2015ರ ಡಿಸೆಂಬರ್ 14ರಿಂದ ಕಾನೂನುಬಾಹಿರ. ತಗೊಂಡೋನಿಗೆ ಜೈಲು ಆಗಬಹುದು. ಕೊಟ್ಟೋಳ ವೀಸಾ ರದ್ದಾಗಬಹುದು. ನಮ್ಮ ಊರಲ್ಲಿ ಇದನ್ನ 'ಖರ್ಚು' ಅಂತೀವಿ, ಅಷ್ಟೇ ವ್ಯತ್ಯಾಸ.

ಇಷ್ಟು ಖಾರವಾಗಿ ಯಾಕೆ ಬರೀತಿದ್ದೀನಿ ಅಂದ್ರೆ, ನಾನೂ ಕಟ್ಟಿದ್ದೆ. ಮೂರೂವರೆ ಲಕ್ಷ. ಅಪ್ಪ ಸೊಸೈಟಿಲಿ ಸಾಲ ಮಾಡಿದ್ದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಇದು: 2018ರಲ್ಲಿ ನನ್ನ ಬ್ರಿಟನ್ ವೀಸಾ ಒಮ್ಮೆ ರಿಜೆಕ್ಟ್ ಆಗಿತ್ತು. ಬ್ಯಾಂಕ್ ಕಾಗದ ಸರಿ ಇಲ್ಲ ಅಂತ. ನಾಚಿಕೆಯಾಗಿ ಮನೆಯವರನ್ನ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಇವತ್ತು ಊರಿಗೇ ಹೇಳ್ತಿದ್ದೀನಿ.

2022ರಲ್ಲಿ ಆಸ್ಕಿಗೆ ಅಡಿಲೇಡ್‌ಗೆ ಬರೋಕೆ ವಿಸಿಟರ್ ವೀಸಾ ಬೇಕಿತ್ತು. ಬ್ರಿಟನ್ ವಿಷಯ ಏಜೆಂಟ್‌ಗೆ ಈಮೇಲ್ ಮಾಡಿದ್ದೆ. "ಅದೆಲ್ಲ ನಮಗೆ ಬಿಡಿ" ಅಂದ್ರು. ಅರ್ಜಿ ಹಾಕೋ ಇಮ್ಮಿಅಕೌಂಟ್ ತೆರೆದದ್ದು ಅವರ ಈಮೇಲ್‌ನಲ್ಲಿ, ಪಾಸ್‌ವರ್ಡ್ ಅವರ ಹತ್ರ. 'ಯಾವುದಾದರೂ ದೇಶ ನಿಮಗೆ ವೀಸಾ ನಿರಾಕರಿಸಿದೆಯೇ?' ಅನ್ನೋ ಪ್ರಶ್ನೆಗೆ 'ಇಲ್ಲ' ಅಂತ ಒತ್ತಿದ್ದಾರೆ. ನಾನು ಅರ್ಜಿನ ಕಣ್ಣಲ್ಲೂ ನೋಡಿಲ್ಲ. ವೀಸಾ ಬಂತು, ಆಸ್ಕಿ ಪಾಸಾದೆ, ಅಮ್ಮ ಕೇರಿಗೆಲ್ಲ ಪೇಡ ಹಂಚಿದ್ರು.

ಆರು ತಿಂಗಳಾದ ಮೇಲೆ ಪರ್ತ್‌ನಲ್ಲಿ ಕೆಲಸ ಸಿಕ್ತು, 482 ವೀಸಾಕ್ಕೆ ಅರ್ಜಿ. ಈ ಸಲ ಪ್ರಶ್ನೆಗಳು ನೇರ ನನ್ನ ಹತ್ರ ಬಂದ್ವು, ಇದ್ದದ್ದನ್ನ ಇದ್ದ ಹಾಗೆ ಬರೆದೆ. ಒಂದೇ ಹುಡುಗಿ, ಎರಡು ಅರ್ಜಿ, ಎರಡು ಉತ್ತರ. ಇಲಾಖೆಯಿಂದ ಪತ್ರ ಬಂತು: 28 ದಿನದಲ್ಲಿ ವಿವರಣೆ ಕೊಡಿ. ಪತ್ರದಲ್ಲಿ ಪಿಐಸಿ 4020 ಅನ್ನೋ ನಿಯಮದ ಹೆಸರು. ಸುಳ್ಳು ಮಾಹಿತಿ ಅಂತ ತೀರ್ಮಾನ ಆದ್ರೆ ವೀಸಾ ಇಲ್ಲ, ಮೂರು ವರ್ಷ ಈ ಕಡೆ ತಲೆ ಹಾಕೋ ಹಾಗಿಲ್ಲ. ಈಗಿನ ಅರ್ಜಿ ಒಂದೇ ಅಲ್ಲ, ಹಿಂದಿನ 12 ತಿಂಗಳಲ್ಲಿ ಕೈಲಿದ್ದ ವೀಸಾದ ಅರ್ಜಿನೂ ಅದರ ಬಲೆಗೆ ಬೀಳುತ್ತೆ.

ಬೆಂಗಳೂರಿಗೆ ಫೋನ್ ಮಾಡಿದೆ. "ನಿಮ್ಮ ಫೈಲ್ ನೋಡ್ತಿದ್ದ ಹುಡುಗ ಕೆಲಸ ಬಿಟ್ಟಿದ್ದಾನೆ." ಅಷ್ಟೇ. ಅರ್ಜಿಲಿ ಅವರ ಹೆಸರೇ ಇರಲಿಲ್ಲ. ಕಾನೂನಿನ ಕಣ್ಣಲ್ಲಿ ಅದನ್ನ ತುಂಬಿದೋಳು ನಾನೇ.

ಆಮೇಲೆ ಪರ್ತ್‌ನಲ್ಲಿ ನನ್ನ 482 ಅರ್ಜಿ ಹಾಕಿದ್ದ ದೊಡ್ಡ ಲಾ ಫರ್ಮ್‌ಗೆ ಫೋನ್ ಮಾಡಿದೆ. ಅವರನ್ನ ಗೊತ್ತುಮಾಡಿದ್ದು ನನಗೆ ಕೆಲಸ ಕೊಟ್ಟವರು. ಬಹಳ ಮರ್ಯಾದೆಯಿಂದ ಹೇಳಿದ್ರು: ಈ ವಿಷಯದಲ್ಲಿ ನಮ್ಮ ಕಕ್ಷಿದಾರರು ನಿಮ್ಮ ಉದ್ಯೋಗದಾತರು, ನೀವು ಬೇರೆ ಸಲಹೆ ತಗೊಳ್ಳಿ. ಅವತ್ತು ಅವಮಾನ ಆಯ್ತು, ಅತ್ತೂ ಬಿಟ್ಟೆ. ಈಗ ಅನ್ಸುತ್ತೆ, ಆ ಇಡೀ ವರ್ಷದಲ್ಲಿ ನನಗೆ ಸತ್ಯ ಹೇಳಿದ ಮೊದಲ ಆಫೀಸು ಅದು. ಕಂಪನಿ ದುಡ್ಡು ಕೊಟ್ಟು ಇಟ್ಟ ವಕೀಲರು ಕಂಪನಿಯ ವಕೀಲರು. 'ಆಫೀಸಿನವರೇ ಲಾಯರ್ ಕೊಟ್ಟಿದ್ದಾರೆ, ನಮಗೇನು ಚಿಂತೆ' ಅನ್ನೋ ಪರ್ತ್, ಬ್ರಿಸ್ಬೇನ್ ಗೆಳತಿಯರೇ, ಇದನ್ನ ಗೋಡೆ ಮೇಲೆ ಬರ್ಕೊಳ್ಳಿ. ಕೆಲಸ ಬಿಟ್ರೆ ಹೊಸ ಸ್ಪಾನ್ಸರ್ ಹುಡುಕೋಕೆ 2024ರ ಜುಲೈ 1ರಿಂದ ಒಂದು ಸಲಕ್ಕೆ 180 ದಿನ ಸಿಗುತ್ತೆ, ಮೊದಲು 60 ಇತ್ತು. ಅದನ್ನ ನಿಮಗೆ ತಿಳಿಸೋದು ಆ ವಕೀಲರ ಕೆಲಸ ಅಲ್ಲ.

ಕೊನೆಗೆ ಒಬ್ಬ ವಾರ್ಡ್ ಗೆಳತಿ ಹೇಳಿದ ಒಬ್ಬಂಟಿ ವಕೀಲೆಯ ಹತ್ರ ಹೋದೆ. ಕ್ಯಾನಿಂಗ್ಟನ್ ಕಡೆ, ಅಂಗಡಿಯ ಮೇಲಿನ ಒಂದು ರೂಮು. ರಿಸೆಪ್ಷನ್ ಇಲ್ಲ, ಕಾಫಿ ಮೆಷಿನ್ ಇಲ್ಲ. ಮೊದಲ ಗಂಟೆಗೆ 350 ಡಾಲರ್ ಅಂತ ಮೊದಲೇ ಬರೆದು ಕಳಿಸಿದ್ರು. ಕೂತ ತಕ್ಷಣ ಕೇಳಿದ್ದು: "ನೀವು ಹಾಕಿದ ಅರ್ಜಿಯ ಪ್ರತಿ ಎಲ್ಲಿ?" ನನ್ನ ಹತ್ರ ಇರಲಿಲ್ಲ. ನನ್ನದೇ ಅರ್ಜಿಯ ಪಾಸ್‌ವರ್ಡ್‌ಗೆ ಬೆಂಗಳೂರಿನವರ ಹತ್ರ ನಾಲ್ಕು ದಿನ ಗೋಗರೆದೆ. 28ರಲ್ಲಿ ನಾಲ್ಕು ಹೋಯ್ತು.

"ನನಗೆ ಗೊತ್ತೇ ಇರಲಿಲ್ಲ" ಅಂದೆ. ಅವರು ತಲೆ ಅಲ್ಲಾಡಿಸಿದ್ರು. ಅದೊಂದೇ ಸಾಲದು ಅಂದ್ರು. 2014ರ ತ್ರಿವೇದಿ ಪ್ರಕರಣದಲ್ಲಿ ಫೆಡರಲ್ ಕೋರ್ಟಿನ ಪೂರ್ಣ ಪೀಠ ಹೇಳಿದೆಯಂತೆ: ಮಾಹಿತಿಯಲ್ಲಿ ಬೇಕೆಂದೇ ಮಾಡಿದ ಸುಳ್ಳು ಇರಬೇಕು ನಿಜ, ಆದರೆ ಅದು ಅರ್ಜಿ ಹಾಕಿದವರಿಗೆ ಗೊತ್ತಿರಲೇಬೇಕು ಅಂತಿಲ್ಲ. ಕೇಳಿ ಕೈಕಾಲು ತಣ್ಣಗಾಯ್ತು. ಯಾರೋ ಒಬ್ಬ ಹುಡುಗ ಸೋಮಾರಿತನಕ್ಕೋ ಜಾಣತನಕ್ಕೋ ಒತ್ತಿದ ಒಂದು ಬಟನ್ನಿಗೆ ನನ್ನ ತಲೆ. ನಾನು ಮೊದಲೇ ಏಜೆಂಟ್‌ಗೆ ಬರೆದ ಈಮೇಲ್, ಬ್ರಿಟನ್ನಿನವರ ಮೂಲ ಪತ್ರ, ತಪ್ಪು ಉತ್ತರ ತಿದ್ದೋ ಫಾರ್ಮ್, ಆ ಉತ್ತರ ವೀಸಾದ ಅರ್ಹತೆಗೆ ಎಷ್ಟು ಮುಖ್ಯ ಅನ್ನೋ ವಾದ, ಎಲ್ಲ ಸೇರಿಸಿ 24ನೇ ದಿನ ಕಳಿಸಿದ್ರು. ಏಳು ವಾರ ಕಾದೆ. ಆ ಏಳು ವಾರ ಅಮ್ಮನ ಹತ್ರ ವಿಡಿಯೋ ಕಾಲ್‌ನಲ್ಲಿ ನಕ್ಕೊಂಡು ಮಾತಾಡಿದ್ದೀನಿ. ವೀಸಾ ಬಂತು. ಒಟ್ಟು ಬಿಲ್ಲು 2,800 ಡಾಲರ್. ಮೂರೂವರೆ ಲಕ್ಷ ಕೊಟ್ಟು ಕಟ್ಟಿಸ್ಕೊಂಡ ಗಂಟನ್ನ ಬಿಚ್ಚೋಕೆ ಇನ್ನೊಂದೂವರೆ ಲಕ್ಷ.

"ನಿನ್ನ ಏಜೆಂಟ್ ಕೆಟ್ಟವನು ಅಂತ ಎಲ್ಲರೂ ಕೆಟ್ಟವರಾ?" ಅಂತ ಚಿಕ್ಕಪ್ಪ ಕೇಳ್ತಾರೆ. ಅಲ್ಲ. ಒಳ್ಳೆಯವನು ಇರಬಹುದು. ನನ್ನ ತಕರಾರು ಅವನ ಗುಣದ ಮೇಲೆ ಅಲ್ಲ, ಅವನನ್ನ ಕೇಳೋರು ಯಾರು ಅನ್ನೋದರ ಮೇಲೆ. ಆಸ್ಟ್ರೇಲಿಯಾದೊಳಗೆ ವೀಸಾ ಸಲಹೆ ಕೊಡಬೇಕಾದ್ರೆ ಓಮಾರಾದಲ್ಲಿ ನೋಂದಣಿ ಇರಬೇಕು, ಇಲ್ಲಾ ವಕೀಲಿಕೆಯ ಪ್ರಮಾಣಪತ್ರ ಇರಬೇಕು. 2021ರ ಮಾರ್ಚ್ 22ರವರೆಗೆ ವಕೀಲರೂ ಓಮಾರಾದಲ್ಲಿ ನೋಂದಾಯಿಸಬೇಕಿತ್ತು, ಈಗ ಅವರಿಗೆ ಅವರ ವಕೀಲ ಮಂಡಳಿಯೇ ಸಾಕು. ನೋಂದಣಿ ಇಲ್ಲದೆ ಇಲ್ಲಿ ಫೀಸು ಕೇಳಿದ್ರೆ 10 ವರ್ಷದವರೆಗೆ ಜೈಲು. ಆದರೆ ಆಸ್ಟ್ರೇಲಿಯಾದ ಹೊರಗೆ ಕೂತವನಿಗೆ ಆ ನೋಂದಣಿ ಕಡ್ಡಾಯವೇ ಅಲ್ಲ! ಬೆಂಗಳೂರಿನಲ್ಲಿ ಕೂತೂ ನೋಂದಣಿ ಮಾಡಿಸಿಕೊಂಡ ಏಜೆಂಟರು ಇರ್ತಾರೆ, ಅವರಿಗೆ ನನ್ನ ನಮಸ್ಕಾರ. ಉಳಿದವರ ಮೇಲೆ ಓಮಾರಾಗೆ ದೂರು ಕೊಟ್ರೆ ಅವರು ಯಾರ ಪರವಾನಗಿ ಕಿತ್ಕೋಬೇಕು? ಇಲ್ಲದ ಪರವಾನಗಿನಾ?

ಇಲ್ಲಿದ್ದವರೂ ಟೋಪಿ ಹಾಕ್ತಾರೆ, ಅದೂ ನಿಜ. 2007ರಲ್ಲಿ ಇಲ್ಲಿನ ಹೈಕೋರ್ಟ್, ಅಂದ್ರೆ ನಮ್ಮ ಸುಪ್ರೀಂ ಕೋರ್ಟಿನ ಹಾಗೆ ಎಲ್ಲಕ್ಕಿಂತ ಮೇಲಿನ ಕೋರ್ಟು, ಎಸ್‌ಝಡ್‌ಎಫ್‌ಡಿಇ ಅನ್ನೋ ಪ್ರಕರಣ ತೀರ್ಮಾನ ಮಾಡ್ತು. ಆಶ್ರಯ ಕೇಳಿದವರ ಹೆಸರು ಮುಚ್ಚಿಡೋದಕ್ಕೆ ಹಾಗೆ ಅಕ್ಷರ ಕೊಡ್ತಾರೆ. ಲೆಬನಾನಿನ ಒಂದು ಕುಟುಂಬ. ವಕೀಲಿಕೆ, ಏಜೆಂಟ್ ನೋಂದಣಿ ಎರಡನ್ನೂ ಕಳ್ಕೊಂಡಿದ್ದ ಒಬ್ಬ, ಅದನ್ನ ಮುಚ್ಚಿಟ್ಟು ಇವರ ಫೈಲ್ ಹಿಡಿದಿದ್ದ. ಟ್ರಿಬ್ಯುನಲ್ ವಿಚಾರಣೆಗೆ ಹೋಗಲೇಬೇಡಿ ಅಂದ. ನಂಬಿ ಹೋಗಲಿಲ್ಲ, ಅರ್ಜಿ ಬಿದ್ದೋಯ್ತು. ಅವನ ಮೋಸ ಟ್ರಿಬ್ಯುನಲ್‌ಗೇ ಆದ ಮೋಸ ಅಂತ ಹೇಳಿ ಹೈಕೋರ್ಟ್ ಆ ತೀರ್ಮಾನ ತೆಗೆದುಹಾಕ್ತು. ಆದರೆ ಆ ಸಾಲು ಬರೆಸ್ಕೊಳ್ಳೋಕೆ ದೇಶದ ಕೊನೆಯ ಕೋರ್ಟಿನವರೆಗೂ ಹತ್ತಬೇಕಾಯ್ತು. ಅವನ ನೋಂದಣಿ ಇದೆಯಾ ಇಲ್ವಾ ಅಂತ ಹುಡುಕೋಕೆ ಇವತ್ತು ಐದು ನಿಮಿಷ ಸಾಕು.

ಹಾಗಾದ್ರೆ ದೊಡ್ಡ ಫರ್ಮಾ, ಒಬ್ಬಂಟಿ ವಕೀಲರಾ? ಕೇಸು ನೋಡಿ ಹೇಳಬೇಕು. ನನ್ನ ವಕೀಲೆ ಒಳ್ಳೆಯವರೇ, ಆದರೆ ನಡುವೆ ಅವರಿಗೆ ಹುಷಾರಿಲ್ಲದೆ ಆರು ದಿನ ಫೋನ್ ಎತ್ತೋರೇ ಇರಲಿಲ್ಲ. ಗಡುವು ಓಡ್ತಿತ್ತು, ನಾನು ಆಸ್ಪತ್ರೆಯ ಲಿನನ್ ರೂಮಲ್ಲಿ ನಿಂತು ದೇವರಿಗೆ ಹರಕೆ ಹೊತ್ತೆ. ಒಬ್ಬಂಟಿಯವರನ್ನ ಹಿಡಿಯೋದಾದ್ರೆ "ನೀವಿಲ್ಲದಾಗ ಯಾರು?" ಅಂತ ಮೊದಲೇ ಕೇಳಿ. ಮಗುವಿನ ಆರೋಗ್ಯದ ತೊಡಕಿರೋ ಕುಟುಂಬಗಳಿಗೆ ದೊಡ್ಡ ಆಫೀಸೇ ವಾಸಿ ಇರಬಹುದು. ಪಿಆರ್ ಅರ್ಜಿಲಿ ಒಬ್ಬರು ಆರೋಗ್ಯದಲ್ಲಿ ಫೇಲಾದ್ರೆ ಮನೆಮಂದಿಯೆಲ್ಲ ಫೇಲು. 2023ರಲ್ಲಿ ಪರ್ತ್‌ನ ಒಂದು ಮಲಯಾಳಿ ಕುಟುಂಬಕ್ಕೆ, ಮಗನಿಗೆ ಡೌನ್ ಸಿಂಡ್ರೋಮ್ ಇದೆ ಅಂತ, ಹೊರಡೋ ಹೊತ್ತು ಹತ್ತಿರ ಬಂದಿತ್ತು. ಕೊನೆಗೆ ವಲಸೆ ಸಚಿವರೇ ಮಧ್ಯೆ ಬರಬೇಕಾಯ್ತು. ಅಂಥ ಕೇಸಿಗೆ ಹತ್ತು ಕೈ ಬೇಕು. ಆದರೆ ದೊಡ್ಡ ಆಫೀಸಲ್ಲಿ ಗೋಡೆ ಮೇಲೆ ಹೆಸರಿರೋರು ಒಬ್ಬರು, ಫಾರ್ಮ್ ತುಂಬೋರು ಇನ್ನೊಬ್ಬರು. ಫಾರ್ಮ್ 956ರಲ್ಲಿ ಯಾರ ಹೆಸರು ಹೋಗುತ್ತೆ ಅಂತ ಕೇಳಿ. ನಿಮ್ಮ ಪರವಾಗಿ ಯಾರು ನಿಂತಿದ್ದಾರೆ ಅಂತ ಇಲಾಖೆಗೆ ಹೇಳೋದು ಆ ಫಾರ್ಮು. ವೀಸಾ ತಿರಸ್ಕಾರವಾಗಿ ಕೋರ್ಟಿಗೆ ಹೋಗೋ ಹಾಗಿದ್ರೆ ಏಜೆಂಟ್ ಪ್ರಯೋಜನಕ್ಕೆ ಬರಲ್ಲ, ಟ್ರಿಬ್ಯುನಲ್‌ವರೆಗೆ ಮಾತ್ರ ಅವರ ಓಡಾಟ. ಕೋರ್ಟಿಗೆ ವಕೀಲರೇ ಬೇಕು, ಅದಕ್ಕೂ 35 ದಿನದ ಗಡುವು.

ನಮ್ಮವರ ಬಿಟ್ಟಿ ಸಲಹೆ ಬಗ್ಗೆನೂ ಒಂದು ಮಾತು. ಅಡಿಲೇಡ್‌ನಲ್ಲಿ 491 ವೀಸಾದಲ್ಲಿದ್ದ ನಮ್ಮ ಕಡೆಯ ಒಬ್ಬ ಹುಡುಗಿಗೆ ಬ್ರಿಸ್ಬೇನ್‌ನಲ್ಲಿ ಒಳ್ಳೆ ಸಂಬಳದ ಕೆಲಸ ಬಂತು. ರಾಜ್ಯೋತ್ಸವದ ಊಟದ ಸಾಲಲ್ಲಿ ಯಾರೋ ಅಂಕಲ್ "ಆಸ್ಟ್ರೇಲಿಯಾ ಎಲ್ಲ ಒಂದೇ ಅಲ್ವಾ, ಹೋಗಮ್ಮಾ" ಅಂದ್ರಂತೆ. ಒಂದೇ ಅಲ್ಲ! 491ರವರು ರೀಜನಲ್ ಪ್ರದೇಶದಲ್ಲೇ ಇರಬೇಕು, ಅಲ್ಲೇ ದುಡೀಬೇಕು. 2019ರ ನವೆಂಬರ್‌ನಿಂದ ಅಡಿಲೇಡ್, ಪರ್ತ್ ಎರಡೂ ರೀಜನಲ್ ಲೆಕ್ಕಕ್ಕೆ ಬರ್ತಾವೆ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬರಲ್ಲ. ಒಂದು ಗಂಟೆ ದೂರದ ಗೋಲ್ಡ್ ಕೋಸ್ಟ್ ಬರುತ್ತೆ. ಪುಣ್ಯಕ್ಕೆ ಅವಳು ಬಾಂಡ್ ಕಟ್ಟೋ ಮುಂಚೆ ನನಗೆ ಮೆಸೇಜ್ ಮಾಡಿದ್ಲು, ನಾನು ಒಬ್ಬ ನೋಂದಾಯಿತ ಏಜೆಂಟ್ ಹತ್ರ ಕಳಿಸಿದೆ. ಅರ್ಧ ಗಂಟೆಯ ಮಾತಿಗೆ ಮೂರು ವರ್ಷದ ತಪಸ್ಸು ಉಳೀತು.

ದುಡ್ಡಿಲ್ಲದೆ ಕಷ್ಟದಲ್ಲಿ ಸಿಕ್ಕಿಕೊಂಡವರಿಗೆ ಬ್ರಿಸ್ಬೇನ್‌ನ ವೆಸ್ಟ್ ಎಂಡ್‌ನಲ್ಲಿ ರೈಲ್ಸ್ ಇದೆ, ಪರ್ತ್‌ನಲ್ಲಿ ಸರ್ಕಲ್ ಗ್ರೀನ್ ಇದೆ, ಅಡಿಲೇಡ್‌ನಲ್ಲಿ ಲೀಗಲ್ ಸರ್ವಿಸಸ್ ಕಮಿಷನ್ ಇದೆ. ಎಲ್ಲರ ಕೇಸೂ ಅವರು ತಗೊಳ್ಳಲ್ಲ, ಆದರೆ ಕೇಳೋಕೆ ನಾಚಿಕೆ ಬೇಡ.

"ಹಾಗಾದ್ರೆ ನೀನೇ ಅವಳ ಫಾರ್ಮ್ ತುಂಬಿಕೊಡು" ಅಂತ ಚಿಕ್ಕಮ್ಮ ಹಿಂದಿನಿಂದ ಹೇಳಿದ್ದೂ ಕೇಳಿಸ್ತು. ಚಿಕ್ಕಮ್ಮ, ಅದೂ ಆಗಲ್ಲ. ನೋಂದಣಿ ಇಲ್ಲದೋರು ಗಂಡ, ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರಿಗೆ ಸಹಾಯ ಮಾಡಬಹುದು. ಚಿಕ್ಕಪ್ಪನ ಮಗಳು ನಮ್ಮಲ್ಲಿ ತಂಗಿ, ಇಲ್ಲಿನ ಕಾನೂನಿನಲ್ಲಿ ಅಲ್ಲ. ಆಸ್ಕಿಗೆ ಹೇಗೆ ಓದಬೇಕು, ಅಡಿಲೇಡ್‌ನಲ್ಲಿ ಎಲ್ಲಿ ಉಳ್ಕೋಬೇಕು, ಯಾವ ಜಾಕೆಟ್ ತರಬೇಕು, ಅದೆಲ್ಲ ನನ್ನ ಮೇಲಿರಲಿ. ವೀಸಾ ಫಾರ್ಮ್ ಮಾತ್ರ ಅವಳೇ ತುಂಬಲಿ, ಇಲ್ಲಾ ನೋಂದಣಿ ಇದ್ದೋರು ತುಂಬಲಿ.

ಪುಟ್ಟಿ, ಈಗ ನಿನಗೆ. ನಿನ್ನದು ಸರಳ ಕೇಸು. ಹಳೇ ರಿಜೆಕ್ಷನ್ ಇಲ್ಲ, ಕಾಯಿಲೆ ಇಲ್ಲ, ಪೊಲೀಸ್ ಕೇಸಿಲ್ಲ. ಆಪ್ರಾಗೆ ನಿನಗೆ ಯಾರೂ ಬೇಡ. ಇಂಗ್ಲಿಷ್, ಎನ್‌ಕ್ಲೆಕ್ಸ್ ಮುಗಿಯೋವರೆಗೆ ಯಾರಿಗೂ ಒಂದು ಪೈಸೆ ಕೊಡಬೇಡ. ವೀಸಾ ಹೊತ್ತಿಗೆ ಒಂದು ಗಂಟೆಯ ಸಲಹೆ ತಗೋ, ಬರವಣಿಗೆಯಲ್ಲಿ ಒಪ್ಪಂದ ಕೇಳು. "ಗ್ಯಾರಂಟಿ" ಅಂದವರ ಹತ್ರ ಕೂರಲೇಬೇಡ. ಇಲ್ಲಿ ನೋಂದಣಿ ಇದ್ದೋರು ಹಾಗೆ ಹೇಳೋ ಹಾಗೇ ಇಲ್ಲ. ಈಮೇಲ್ ನಿನ್ನದು, ಪಾಸ್‌ವರ್ಡ್ ನಿನ್ನದು, ಕಳಿಸೋ ಮುಂಚೆ ಪ್ರತಿ ಪುಟ ನೀನೇ ಓದು.

ಚಿಕ್ಕಪ್ಪ, ನಿಮ್ಮ ಹತ್ರ ಒಂದೇ ಕೇಳ್ಕೊಳ್ಳೋದು. ಶುಕ್ರವಾರ ದುಡ್ಡು ಕೊಡೋ ಮುಂಚೆ ಆ ಆಫೀಸಿನವರ ಹತ್ರ ಅವರ ಎಂಎಆರ್‌ಎನ್ ನಂಬರ್ ಕೇಳಿ. ಏಳು ಅಂಕಿ ಇರುತ್ತೆ, ಮೊದಲ ಎರಡು ಅಂಕಿ ಅವರು ನೋಂದಣಿ ಮಾಡಿಸಿದ ವರ್ಷ. "ಆಸ್ಟ್ರೇಲಿಯಾದಲ್ಲಿ ನಮ್ಮ ಟೈ-ಅಪ್ ಇದೆ" ಅಂದ್ರೆ ಆ ಟೈ-ಅಪ್‌ನವರ ನಂಬರ್ ಕೇಳಿ, ಅವರ ಜೊತೆ ವಿಡಿಯೋ ಕಾಲ್ ಮಾಡಿಸಿ ಅನ್ನಿ. ಸಿಕ್ಕ ನಂಬರನ್ನ ನನಗೆ ವಾಟ್ಸಾಪ್ ಮಾಡಿ, ಓಮಾರಾದ ಪಟ್ಟಿಲಿ ನೋಡಿ ಹೇಳ್ತೀನಿ. ಅದರಲ್ಲಿ ಹೆಸರಿದ್ರೆ ನಾನೇ ಕ್ಷಮೆ ಕೇಳಿ, ಫೀಸಿನ ಮಾತನ್ನ ನಿಮ್ಮ ಪರವಾಗಿ ನಾನೇ ಆಡ್ತೀನಿ. ಶುಕ್ರವಾರ ನನಗೆ ರಜೆ. ನಿಮಗೆ ಬೆಳಿಗ್ಗೆ 10 ಆದಾಗ ಇಲ್ಲಿ ಮಧ್ಯಾಹ್ನ ಎರಡೂವರೆ, ಎದ್ದಿರ್ತೀನಿ.